ಟ್ಯಾಂಕ್ ಇಲ್ಲದ ಗೀಸರಿಗೂ ಮೋರಿ ಬೇಕು

ಅಹಮದಾಬಾದಿನ ಬೋಡಕ್‌ದೇವ್‌ನ ಹೊಸ ಫ್ಲ್ಯಾಟ್‌ಗಳಲ್ಲಿ ಗೀಸರ್ ಕೂರಿಸುವ ದಿನ ಒಂದು ಮಾತು ಬಂದೇ ಬರುತ್ತದೆ: ‘ಇದಕ್ಕೆ ಟ್ಯಾಂಕೇ ಇಲ್ಲವಲ್ಲ ಸಾಹೇಬ್, ಡ್ರೈನ್ ಪೈಪ್ ಯಾಕೆ?’ ಹೇಳುವವನು ಪ್ಲಂಬರ್. ಗುತ್ತಿಗೆದಾರ ಹೌದು ಹೌದು ಎನ್ನುತ್ತಾನೆ. ಇಂಟೀರಿಯರ್ ಡಿಸೈನರ್‌ಗೆ ಒಳಗೊಳಗೇ ಸಂತೋಷ, ದುಬಾರಿ ಟೈಲ್ಸ್ ಮೇಲೆ ಒಂದು ಪೈಪ್ ಕಡಿಮೆಯಾಯಿತು. ಮನೆಯೊಡೆಯರು ‘ಚಾಲ್ಸೆ’ (ನಡೆಯುತ್ತೆ) ಎಂದು ಗುಜರಾತಿಯಲ್ಲಿ ಷರಾ ಬರೆದು ಚಹಾ ತರಿಸುತ್ತಾರೆ. ಎಸ್.ಜಿ. ಹೈವೇಯಿಂದ ಸಿಂಧು ಭವನ್ ರಸ್ತೆಯವರೆಗೆ ಇದೊಂದು ಒಪ್ಪಿತ ಸತ್ಯ. ಸೂರತ್‌ನ ವೇಸುವಿನಲ್ಲೂ ವಡೋದರಾದ ಭಾಯ್ಲಿಯಲ್ಲೂ ನಮ್ಮ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲೂ ಇದನ್ನೇ ಹೇಳುತ್ತಾರೆ. ಇಂಥ ಒಮ್ಮತ ನಮ್ಮ ದೇಶದಲ್ಲಿ ಬೇರೆ ಯಾವ ವಿಷಯಕ್ಕೂ ಸಿಗಲಿಕ್ಕಿಲ್ಲ.

ಒಮ್ಮತ ಇದ್ದರೂ ಮಾತು ತಪ್ಪು. ಟ್ಯಾಂಕ್ ಇಲ್ಲದ ಗೀಸರಿಗೆ ನೀರಿಳಿಸುವ ಕೊಳವೆ ಬೇಕು. ಟ್ಯಾಂಕ್ ಇರುವ ಗೀಸರಿಗಿಂತ ಒಂದು ಕೈ ಹೆಚ್ಚೇ ಮುತುವರ್ಜಿಯಿಂದ ಬೇಕು. ಮತ್ತು ಆ ಕೊಳವೆಯ ತುದಿ ಸ್ನಾನ ಮಾಡುವವರ ಕಣ್ಣಿಗೆ ದಿನಾ ಬೀಳುವ ಜಾಗದಲ್ಲಿರಬೇಕು. ಕಡೆಯ ಮಾತೇ ಡಿಸೈನರ್‌ಗಳಿಗೆ ಕಹಿ, ಆದ್ದರಿಂದ ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ‘ಟ್ಯಾಂಕೇ ಇಲ್ಲ’ ಎಂಬುದನ್ನೇ ಬಿಚ್ಚಿ ನೋಡೋಣ. ನಮ್ಮ ಪೇಟೆಯಲ್ಲಿ ಈ ಹೆಸರಿನಡಿ ಮಾರಾಟವಾಗುವ ಸಾಮಾನು ಎರಡು ಬಗೆಯವು. ಒಂದು ವಿದ್ಯುತ್ತಿನ ಇನ್‌ಸ್ಟಂಟ್ ಗೀಸರ್, 1 ಲೀಟರಿನದೋ 3 ಲೀಟರಿನದೋ, ಒಳಗೆ 3 ಅಥವಾ 4.5 ಕಿಲೋವಾಟ್ ಕಾಯಿಲ್. ಇನ್ನೊಂದು ನಿಮಿಷಕ್ಕೆ 6 ಲೀಟರ್ ಆಸುಪಾಸು ಬಿಸಿನೀರು ಕೊಡುವ ಗ್ಯಾಸ್ ಗೀಸರ್. ಅಹಮದಾಬಾದಿನಲ್ಲಿ ಅಡಿಗೆಮನೆಗೆ ಕೊಳವೆಯಲ್ಲೇ ಗ್ಯಾಸ್ ಬರುವುದರಿಂದ ಇದಕ್ಕೂ ಬೇಡಿಕೆ ಇದೆ. 3 ಲೀಟರಿನ ಪೆಟ್ಟಿಗೆಯಲ್ಲಿ 3 ಲೀಟರ್ ನೀರು ಹಗಲೂ ರಾತ್ರಿ ನಿಂತೇ ಇರುತ್ತದೆ. ಅದು ಟ್ಯಾಂಕ್ ಅಲ್ಲವೆಂದರೆ ಮತ್ತೇನು? ಭಾರತೀಯ ಮಾನಕ ಸಂಸ್ಥೆ ನೀರು ಶೇಖರಿಸುವ ಗೀಸರನ್ನು ಐಎಸ್ 2082ರಲ್ಲೂ ಇನ್‌ಸ್ಟಂಟ್ ಗೀಸರನ್ನು ಐಎಸ್ 302ರ ಭಾಗ 2, ವಿಭಾಗ 35ರಲ್ಲೂ ಇಟ್ಟಿದೆ ನಿಜ. ಕಡತ ಬೇರೆಯಾಯಿತೆಂದು ಬಿಸಿಯಾದ ನೀರು ಹಿಗ್ಗುವುದನ್ನು ಬಿಡುವುದಿಲ್ಲ.

ಎಷ್ಟು ಹಿಗ್ಗುತ್ತದೆ? 20 ಡಿಗ್ರಿಯ ನೀರು 65 ಡಿಗ್ರಿಗೆ ಏರಿದಾಗ ನೂರಕ್ಕೆ ಸುಮಾರು 1.8ರಷ್ಟು. 3 ಲೀಟರಿನ ಪೆಟ್ಟಿಗೆಯಲ್ಲಿ ಇದು 50 ಮಿಲಿಲೀಟರಿಗೆ ಸ್ವಲ್ಪ ಹೆಚ್ಚು. ‘ಇಷ್ಟೇನಾ’ ಎನ್ನಬೇಡಿ. ನೀರನ್ನು ಗಾಳಿಯಂತೆ ಅದುಮಿ ಕೂರಿಸಲಾಗದು. ಹಿಂದೆ ಈ ಹೆಚ್ಚಿನ ನೀರು ತಣ್ಣೀರು ಬರುವ ಕೊಳವೆಯೊಳಕ್ಕೇ ವಾಪಸು ಸರಿದುಕೊಳ್ಳುತ್ತಿತ್ತು. ಈಗ ಬಿಸಿನೀರು ಹಿಂದಕ್ಕೆ ಬರಬಾರದೆಂದು ಆ ದಾರಿಗೆ ನಾನ್-ರಿಟರ್ನ್ ವಾಲ್ವ್ ಹಾಕುತ್ತಾರೆ. ಇತ್ತ ನಲ್ಲಿ ಬಂದ್, ಅತ್ತ ವಾಲ್ವ್ ಬಂದ್. ನಡುವೆ ಸಿಕ್ಕಿಬಿದ್ದ ನೀರು ಒತ್ತಡ ಏರಿಸುತ್ತದೆ. ಆ ಒತ್ತಡ ಇಳಿಸಲೆಂದೇ ಗೀಸರಿನ ಬುಡದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆಯ ವಾಲ್ವ್ ಇದೆ, ಅದರ ಪಕ್ಕದಲ್ಲಿ ಸಣ್ಣ ಬಾಯಿ. ನೀರು ಕಾಯುವಾಗ ಅಲ್ಲಿಂದ ನಾಲ್ಕು ಹನಿ ತೊಟ್ಟಿಕ್ಕಿದರೆ ಗೀಸರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ ಎಂದರ್ಥ.

ಮನೆಯವರಿಗೆ ಇದು ಲೀಕೇಜ್. ಪ್ಲಂಬರನ್ನು ಕರೆಸುತ್ತಾರೆ. ಅವನು ಜೇಬಿನಿಂದ ಅರ್ಧ ಇಂಚಿನ ಡಮ್ಮಿ ತೆಗೆದು, ಥ್ರೆಡ್ಡಿಗೆ ನಾಲ್ಕು ಸುತ್ತು ಟೆಫ್ಲಾನ್ ಟೇಪ್ ಸುತ್ತಿ, ವಾಲ್ವಿನ ಬಾಯಿಗೆ ತಿರುಗಿಸಿ ಬಿಗಿದು, ಇನ್ನೂ ಅನುಮಾನವಿದ್ದರೆ ಮೇಲೆ ಒಂದು ಉಂಡೆ ಎಂ-ಸೀಲ್ ಮೆತ್ತುತ್ತಾನೆ. ಹನಿ ನಿಂತಿತು. ಎಲ್ಲರಿಗೂ ಸಮಾಧಾನ. ಆ ಪೆಟ್ಟಿಗೆಯಲ್ಲಿದ್ದ ಮುಖ್ಯ ರಕ್ಷಣೆಯನ್ನು ಕೈಯಾರೆ ಕೊಂದು, ಕೊಂದವನಿಗೆ ಕೂಲಿಯನ್ನೂ ಕೊಟ್ಟಿರುತ್ತಾರೆ. ಪ್ಲಂಬರನೊಬ್ಬನನ್ನೇ ಬೈದು ಉಪಯೋಗವಿಲ್ಲ. ಆ ನಾಲ್ಕು ಹನಿ ಹೋಗಿ ಬೀಳಲು ಮೊದಲೇ ಒಂದು ಕೊಳವೆ ಇದ್ದಿದ್ದರೆ ಯಾರೂ ಅವನನ್ನು ಕರೆಸುತ್ತಿರಲಿಲ್ಲ.

ಎತ್ತರದ ಲೆಕ್ಕವೂ ಇದರ ಜೊತೆಗಿದೆ. ಮೇಲಿನ ತೊಟ್ಟಿಯಿಂದ ಇಳಿಯುವ ನೀರಿಗೆ ಪ್ರತಿ 10 ಮೀಟರಿಗೆ ಸುಮಾರು 1 ಬಾರ್ ಒತ್ತಡ. ಮಹಡಿಯೊಂದಕ್ಕೆ 3 ಮೀಟರ್ ಹಿಡಿದರೆ 22 ಮಹಡಿಯ ಗೋಪುರದ ಬುಡದಲ್ಲಿ 6.5 ಬಾರ್. ಬಹಳಷ್ಟು ಇನ್‌ಸ್ಟಂಟ್ ಗೀಸರುಗಳ ಮೈಮೇಲೆ ‘ಹೈರೈಸ್ ಕಟ್ಟಡಕ್ಕೆ ಸೂಕ್ತ’ ಎಂದು ಹೆಮ್ಮೆಯಿಂದ ಬರೆದಿರುವ ಅಂಕಿ ಇದೇ 6.5 ಬಾರ್. ಅಂದರೆ ನೀರು ಕಾಯುವ ಮೊದಲೇ ಗಡಿ ಮುಟ್ಟಿಯಾಯಿತು. ಒಳ್ಳೆಯ ಬಿಲ್ಡರ್‌ಗಳು ನಡುನಡುವೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸುತ್ತಾರೆ, ಒಪ್ಪಿದೆ. ಆದರೆ ಆ ವಾಲ್ವ್ ಕೆಟ್ಟರೆ ಗೊತ್ತಾಗುವುದು ಹೇಗೆ? ಗೀಸರಿನ ಬುಡದ ಹನಿ ಧಾರೆಯಾದಾಗ. 2020ರಲ್ಲಿ ಗುಜರಾತ್ ಸರ್ಕಾರ ದೊಡ್ಡ ನಗರಗಳಲ್ಲಿ 100 ಮೀಟರ್ ಮೀರಿದ ಕಟ್ಟಡಗಳಿಗೂ ದಾರಿ ಬಿಟ್ಟಿತು. ಗೋಪುರ ಮುಗಿಲಿಗೆ ಏರುತ್ತಿದೆ, ಗೀಸರಿನ ಡ್ರೈನ್ ಮಾತ್ರ ಇನ್ನೂ ನಕ್ಷೆಯೊಳಕ್ಕೆ ಏರಿಲ್ಲ.

ಒಂದು ಸಣ್ಣ ತಮಾಷೆ ನೋಡಿ. ಗೀಸರಿನ ಜಾಹೀರಾತಿನಲ್ಲಿ ‘ನಾಲ್ಕು ಹಂತದ ಸುರಕ್ಷತೆ’ ಎಂದಿರುತ್ತದೆ: ಥರ್ಮೋಸ್ಟ್ಯಾಟ್, ಥರ್ಮಲ್ ಕಟೌಟ್, ಪ್ರೆಷರ್ ರಿಲೀಸ್ ವಾಲ್ವ್, ಫ್ಯೂಸಿಬಲ್ ಪ್ಲಗ್. ಮೊದಲ ಎರಡು ಕರೆಂಟ್ ಕಡಿಯುತ್ತವೆ. ಕೊನೆಯ ಎರಡು ನೀರನ್ನು ಹೊರಕ್ಕೆ ಬಿಡುತ್ತವೆ. ಫ್ಯೂಸಿಬಲ್ ಪ್ಲಗ್ ಎಂದರೆ ಕಡಿಮೆ ಬಿಸಿಗೇ ಕರಗುವ ಲೋಹದ ಬಿರಡೆ. ಮಿಕ್ಕದ್ದೆಲ್ಲ ಕೈಕೊಟ್ಟು ನೀರು ಕುದಿಯುವ ಹಂತಕ್ಕೆ ಬಂದಾಗ ಅದು ಕರಗಿ ದಾರಿ ಬಿಡುತ್ತದೆ. ಬಿಡುವುದು ಎಲ್ಲಿಗೆ? ಗೀಸರ್ ನೇತುಹಾಕಿರುವುದು ಶವರಿನ ನೆತ್ತಿಯ ಮೇಲೆ, ಕೆಳಗೆ ನಿಂತಿರುವುದು ಮನೆಯ ಮಗು. ನಾಲ್ಕು ಹಂತದಲ್ಲಿ ಎರಡು ಹಂತಕ್ಕೆ ಇಳಿಯಲು ಜಾಗವೇ ಕೊಡದೆ, ಸುರಕ್ಷತೆಗೆಂದು ಪೂರ್ತಿ ದುಡ್ಡು ತೆತ್ತು ಬಂದಿರುತ್ತೇವೆ. ಮಲೆನಾಡಿನ ಬಚ್ಚಲ ಹಂಡೆಗೆ ಈ ಯಾವ ರಗಳೆಯೂ ಇರಲಿಲ್ಲ. ಅದರ ಬಾಯಿ ತೆರೆದೇ ಇತ್ತು, ಉಕ್ಕಿದರೆ ಪಕ್ಕದಲ್ಲೇ ಮೋರಿ. ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯಿಸಲು ಹೊರಟವರು ಮೋರಿಯನ್ನು ಹಂಡೆಯ ಜೊತೆಗೇ ಹಳ್ಳಿಯಲ್ಲಿ ಬಿಟ್ಟು ಬಂದರು.

ನಿಜಕ್ಕೂ ಟ್ಯಾಂಕ್ ಇಲ್ಲದ್ದು ಗ್ಯಾಸ್ ಗೀಸರ್. ತೆಳ್ಳನೆಯ ತಾಮ್ರದ ಕೊಳವೆ, ಸುತ್ತ ರೆಕ್ಕೆಗಳು, ಕೆಳಗೆ ಬೆಂಕಿ. ಪ್ಲಂಬರನ ವಾದ ಗೆಲ್ಲಬೇಕಾದದ್ದು ಇಲ್ಲಿ. ಸ್ವಲ್ಪ ಮಟ್ಟಿಗೆ ಗೆಲ್ಲುತ್ತದೆ ಕೂಡ. ಬಿಸಿನೀರಿನ ತುದಿಗೆ ನಲ್ಲಿಯೇ ಇಲ್ಲದೆ ನೇರ ಬಕೆಟಿಗೆ ಬಿಟ್ಟುಕೊಳ್ಳುವ ಹಳೆಯ ಜೋಡಣೆಯಲ್ಲಿ ಒತ್ತಡ ಕಟ್ಟಿಕೊಳ್ಳುವ ಸಂದರ್ಭ ಕಡಿಮೆ. ಹಿಮ ಬೀಳುವ ದೇಶಗಳಲ್ಲಿ ಕೊಳವೆಯೊಳಗಿನ ನೀರು ಹೆಪ್ಪುಗಟ್ಟಿ ತಾಮ್ರ ಸೀಳದಿರಲೆಂದು ಕಡ್ಡಾಯವಾಗಿ ಬರಿದುಮಾಡುವ ಡ್ರೈನ್ ಪ್ಲಗ್ಗೂ ಇಲ್ಲಿ ಅನವಶ್ಯ, ಉತ್ತರಾಯಣದ ಗಾಳಿಪಟದ ದಿನಗಳಲ್ಲೂ ಅಹಮದಾಬಾದಿನ ಚಳಿ ಅಷ್ಟಕ್ಕೆ ಇಳಿಯುವುದಿಲ್ಲ. ಆದರೆ ಬೋಡಕ್‌ದೇವ್‌ನಲ್ಲಿ ಬಕೆಟ್ ಸ್ನಾನ ಮಾಡುವವರು ಯಾರು? ಗ್ಯಾಸ್ ಗೀಸರಿನ ಬಿಸಿನೀರನ್ನು ಗೋಡೆಯೊಳಗಿನ ಕೊಳವೆಗೆ, ಅಲ್ಲಿಂದ ಮಿಕ್ಸರ್‌ಗೆ ಜೋಡಿಸಿದ ಕ್ಷಣವೇ ತೆರೆದ ಬಾಯಿ ಮುಚ್ಚಿದ ಬಾಯಿಯಾಯಿತು. ಹಳೆಯ ಜೋಡಣೆಯ ವಿನಾಯಿತಿಯನ್ನು ಹೊಸ ಜೋಡಣೆಗೂ ತಂದು ಹಚ್ಚುವುದು ಎಲ್ಲಿಯ ನ್ಯಾಯ?

ಇನ್ನು ಗಡಸು ನೀರು. ಅಹಮದಾಬಾದಿನ ಪಶ್ಚಿಮ ಭಾಗದ ಸೊಸೈಟಿಗಳು ವರ್ಷಗಟ್ಟಲೆ ಸ್ವಂತ ಬೋರ್‌ವೆಲ್ ನೆಚ್ಚಿಕೊಂಡು ಬದುಕಿದವು. ನರ್ಮದೆಯ ನೀರು ಬಂದ ಮೇಲೂ ಬೋರಿನ ನೀರನ್ನು ಬೆರೆಸಿಕೊಳ್ಳುವ ಮನೆಗಳಿವೆ. ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ಗತಿಯಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಆ 600 ಕುಡಿಯುವವರ ಹೊಟ್ಟೆಗೆ ಕೊಟ್ಟ ರಿಯಾಯಿತಿ, ತಾಮ್ರದ ಕೊಳವೆಗಲ್ಲ. ಬಿಸಿಯಾದಾಗ ಸುಣ್ಣ ಬಿಳಿಯ ಪದರವಾಗಿ ಕೂರುತ್ತದೆ. 25 ಲೀಟರಿನ ಟ್ಯಾಂಕಿನಲ್ಲಿ ಅದು ತಳದಲ್ಲಿ ಬಿದ್ದುಕೊಂಡು ವರ್ಷಗಟ್ಟಲೆ ತೊಂದರೆ ಕೊಡದೆ ಇರಬಹುದು. ಬೆರಳು ದಪ್ಪದ ಕೊಳವೆಯಲ್ಲಿ ಒಂದು ಮಿಲಿಮೀಟರ್ ಪದರವೂ ದಾರಿ ಕಿರಿದು ಮಾಡುತ್ತದೆ. ಆದ್ದರಿಂದಲೇ ಟ್ಯಾಂಕ್ ಇಲ್ಲದ ಗೀಸರನ್ನು ಆಗಾಗ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಹಾಯಿಸಿ ತೊಳೆಯಬೇಕು. ಹೊರದೇಶಗಳಲ್ಲಿ ಗೀಸರಿನ ಎರಡೂ ಕಡೆ ತೊಳೆಯಲೆಂದೇ ಬೇರೆ ಬಾಯಿಯಿರುವ ಜೋಡಿ ವಾಲ್ವ್ ಹಾಕುತ್ತಾರೆ. ಪುಟ್ಟ ಪಂಪ್ ಕಟ್ಟಿ ಮುಕ್ಕಾಲು ಗಂಟೆ ಆಮ್ಲ ಸುತ್ತಿಸಿ ಮೋರಿಗೆ ಬಿಟ್ಟರೆ ಮುಗಿಯಿತು. ಇಲ್ಲಿ ಮೆಕ್ಯಾನಿಕ್ ಗೀಸರನ್ನೇ ಗೋಡೆಯಿಂದ ಕಿತ್ತು ಬಾಲ್ಕನಿಗೆ ಒಯ್ದು, ಹೈಡ್ರೋಕ್ಲೋರಿಕ್ ಆಸಿಡ್ ಸುರಿದು, ಹೊಗೆಯಾಡುವ ನೀರನ್ನು ಅಲ್ಲೇ ಚೆಲ್ಲುತ್ತಾನೆ. ನೆಲಕ್ಕೆ ಹಾಸಿರುವುದು ರಾಜಸ್ಥಾನದ ಮಕರಾನಾ ಅಮೃತಶಿಲೆ. ಅದೂ ಕ್ಯಾಲ್ಸಿಯಂ ಕಾರ್ಬೊನೇಟ್, ಕೊಳವೆಯಲ್ಲಿ ಕಟ್ಟಿದ್ದೂ ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲಕ್ಕೆ ಎರಡೂ ಒಂದೇ. ಕೊಳವೆಯಲ್ಲಿ ಕರಗಿಸಿದ್ದು ಸಾಲದೆಂದು ನೆಲದಲ್ಲೂ ಕರಗಿಸುತ್ತದೆ. ಹೊಳಪು ಹೋದ ಆ ಮಚ್ಚೆಯ ಮೇಲೆ ಆಮೇಲೆ ಕಾಲೊರಸು ಹಾಸುತ್ತಾರೆ.

ಬಂಗಲೆಗಳಿಗೆ ಈಗೀಗ ಬರುತ್ತಿರುವ ಕಂಡೆನ್ಸಿಂಗ್ ಗ್ಯಾಸ್ ಹೀಟರಿನ ಕಥೆ ಇನ್ನೂ ಸೊಗಸು. ಮೀಥೇನ್ ಉರಿದರೆ ನೀರಾವಿ ಹುಟ್ಟುತ್ತದೆ, ಒಂದು ಘನ ಮೀಟರ್ ಗ್ಯಾಸಿಗೆ ಸುಮಾರು 1.6 ಲೀಟರ್ ನೀರಿನಷ್ಟು. ಹದಿನೈದು ನಿಮಿಷದ ಶವರಿಗೆ ಅರ್ಧ ಲೀಟರ್ ಆಸುಪಾಸು. ಸಾಧಾರಣ ಗೀಸರಿನಲ್ಲಿ ಇದು ಹೊಗೆಕೊಳವೆಯಿಂದ ಹೊರಕ್ಕೆ ಹೋಗಬೇಕು, ಚಳಿಯ ಬೆಳಗ್ಗೆ ಒಂದಷ್ಟು ಅಲ್ಲೇ ತಣಿದು ಹಿಂದಕ್ಕೆ ಬರ್ನರ್ ಮೇಲೇ ಇಳಿಯುವುದೂ ಉಂಟು. ಕಂಡೆನ್ಸಿಂಗ್ ಯಂತ್ರ ಈ ಆವಿಯನ್ನು ಬೇಕೆಂದೇ ತಣಿಸಿ ಅದರ ಶಾಖ ಹಿಂಡಿಕೊಳ್ಳುತ್ತದೆ. ಉಳಿಯುವ ನೀರು ಹುಳಿ. ಪಿಎಚ್ 3ರಿಂದ 5. ಅದನ್ನು ಸುಣ್ಣಕಲ್ಲಿನ ಚೂರು ತುಂಬಿದ ಡಬ್ಬಿಯ ಮೂಲಕ ಹಾಯಿಸಿ, ಹುಳಿ ಸಾಯಿಸಿ, ಚರಂಡಿಗೆ ಬಿಡಬೇಕು. ಡಬ್ಬಿ ಮರೆತರೆ ಆ ಚೂರುಗಳ ಕೆಲಸವನ್ನು ನಿಮ್ಮ ಅಮೃತಶಿಲೆಯ ನೆಲವೇ ವಹಿಸಿಕೊಳ್ಳುತ್ತದೆ.

‘ಸರಿ, ಡ್ರೈನ್ ಬೇಕು ಅಂತಲೇ ಇಟ್ಟುಕೊಳ್ಳೋಣ, ಎಲ್ಲಾ ಒಂದೇ ಪೈಪಿಗೆ ಸೇರಿಸಿಬಿಡೋಣ’ ಎನ್ನುವವರು ಎರಡನೇ ಸಾಲಿನಲ್ಲಿ ನಿಂತಿದ್ದಾರೆ. ಇವರು ಮೊದಲಿನವರಿಗಿಂತ ಅಪಾಯಕಾರಿ, ಯಾಕೆಂದರೆ ಕೆಲಸ ಮಾಡಿದಂತೆ ಕಾಣುತ್ತದೆ. ಹುಳಿನೀರಿನ ಕೊಳವೆಗೆ ಟ್ರ್ಯಾಪ್ (ನೀರು ನಿಲ್ಲುವ ಬಾಗು) ಬೇಕೇ ಬೇಕು, ಇಲ್ಲದಿದ್ದರೆ ಬರ್ನರಿನ ಹೊಗೆ ಅದೇ ದಾರಿಯಲ್ಲಿ ಮನೆಯೊಳಗೆ ಬರುತ್ತದೆ. ಒತ್ತಡ ಇಳಿಸುವ ವಾಲ್ವಿನ ಕೊಳವೆಗೆ ಟ್ರ್ಯಾಪ್ ಇರಲೇಬಾರದು, ನಿಂತ ನೀರು ಪಾಚಿಗಟ್ಟಿ, ಸುಣ್ಣಗಟ್ಟಿ ಬಾಯಿ ಮುಚ್ಚುತ್ತದೆ. ಎರಡಕ್ಕೂ ಒಂದೇ ಪೈಪ್ ಹಾಕಿದರೆ ಒಂದಕ್ಕೆ ದ್ರೋಹ ಖಚಿತ. ಇದಕ್ಕಿಂತ ಹೆಚ್ಚು ಕಾಣುವುದು ಎ.ಸಿ. ಡ್ರೈನಿಗೆ ಜೋಡಿಸುವ ಚಾಳಿ. 45 ಡಿಗ್ರಿ ಬಿಸಿಲಿನ ಈ ಊರಿನಲ್ಲಿ ಎ.ಸಿ.ಯ ನೀರಿಗೆ ಬಿಲ್ಡರ್ ಕೇಳದೆಯೇ ಪ್ರತಿ ಕೋಣೆಯಲ್ಲೂ ಡ್ರೈನ್ ಪಾಯಿಂಟ್ ಕೊಟ್ಟಿರುತ್ತಾನೆ, ಅದು ಬೇಕೇ ಬೇಡವೇ ಎಂದು ಯಾರೂ ಚರ್ಚಿಸುವುದಿಲ್ಲ. ಎ.ಸಿ.ಯ ನೀರು ಸೋರಿದರೆ ಮಲಗುವ ಕೋಣೆಯ ಬಣ್ಣ ಕೆಡುತ್ತದಲ್ಲ! ಆ ತೆಳು ಪಿವಿಸಿ ಪೈಪ್ ತಣ್ಣೀರಿಗೆ ಹೇಳಿಮಾಡಿಸಿದ್ದು; 60 ಡಿಗ್ರಿ ದಾಟಿದರೆ ಮೆತ್ತಗಾಗಿ ಜೋತುಬೀಳುತ್ತದೆ. ಬಿಸಿನೀರಿಗೆ ಬೇಕಾದದ್ದು 93 ಡಿಗ್ರಿವರೆಗೆ ತಾಳುವ ಸಿಪಿವಿಸಿ, ಐಎಸ್ 15778ರ ಗುರುತಿರುವಂಥದ್ದು, ಇಲ್ಲವೇ ತಾಮ್ರ. ನಗೆ ಬರುವುದು ಇಲ್ಲಿ. ಈ ದೇಶದಲ್ಲಿ ಸಿಪಿವಿಸಿಯನ್ನು ಮನೆಮಾತಾಗಿಸಿದ ಕಂಪನಿಗಳಲ್ಲೊಂದಾದ, 1996ರಲ್ಲಿ ಹುಟ್ಟಿದ ಆಸ್ಟ್ರಲ್‌ನ ಮುಖ್ಯ ಕಚೇರಿ ಇರುವುದು ಎಸ್.ಜಿ. ಹೈವೇ ಪಕ್ಕದ ರಾಜಪಥ್ ಕ್ಲಬ್ಬಿನ ಹಿಂದೆಯೇ. ಕೊಳವೆಯ ತವರಿನಲ್ಲೇ ಗೀಸರಿನ ಬಾಯಿಗೆ ತೋಟಕ್ಕೆ ನೀರು ಬಿಡುವ ಹಸಿರು ಪೈಪಿನ ತುಂಡು ಕಟ್ಟುತ್ತಾರೆ.

ಈಗ ಡಿಸೈನರ್ ವಿಷಯ. ಅಡಗಿಸುವುದೇ ಅಂದ ಎಂಬ ನಂಬಿಕೆ ಬೇರೂರಿದೆ. ಗೀಸರನ್ನು ಫಾಲ್ಸ್ ಸೀಲಿಂಗ್ ಮೇಲಕ್ಕೆ ತಳ್ಳಿ, ಡ್ರೈನ್ ಕೊಟ್ಟರೂ ಅದನ್ನು ಗೋಡೆಯೊಳಗಿಂದ ನೇರ ಡಕ್ಟಿನ ದೊಡ್ಡ ಪೈಪಿಗೆ ಸೇರಿಸಿಬಿಡುತ್ತಾರೆ. ಹೊರಗೆ ಏನೂ ಕಾಣದು. ಇದೇ ದೊಡ್ಡ ತಪ್ಪು. ಆ ಕೊಳವೆ ನೀರು ಸಾಗಿಸುವುದರ ಜೊತೆಗೆ ಸುದ್ದಿಯನ್ನೂ ತರಬೇಕು. ನೀರು ಕಾಯುವಾಗ ನಾಲ್ಕು ಹನಿ ಬಂದರೆ ಎಲ್ಲ ಸರಿ. ಯಾವಾಗಲೂ ತೊಟ್ಟಿಕ್ಕುತ್ತಿದ್ದರೆ ಕಟ್ಟಡದ ಒತ್ತಡ ಹೆಚ್ಚಿದೆ. ಹಬೆಯಾಡುವ ನೀರು ಬಂದರೆ ಥರ್ಮೋಸ್ಟ್ಯಾಟ್ ಸತ್ತಿದೆ, ಸ್ವಿಚ್ ಆರಿಸಿ ಹೊರಗೆ ಬನ್ನಿ. ಒಂದು ಹನಿಯೂ ಎಂದೂ ಬರದಿದ್ದರೆ ವಾಲ್ವೇ ಸುಣ್ಣಗಟ್ಟಿರಬಹುದು. ಗೋಡೆಯೊಳಗೆ ಹೋದ ಕೊಳವೆ ಇದರಲ್ಲಿ ಒಂದನ್ನೂ ಹೇಳುವುದಿಲ್ಲ. ಅದಕ್ಕೇ ಅಮೆರಿಕದಲ್ಲಿ ಬಳಕೆಯಲ್ಲಿರುವ ಪ್ಲಂಬಿಂಗ್ ಸಂಹಿತೆ ಈ ಕೊಳವೆಯ ಮೇಲೆ ಹಟ ಹಿಡಿದು ಕೂತಿದೆ: ವಾಲ್ವಿನ ಬಾಯಿಗಿಂತ ಸಣ್ಣದಿರಬಾರದು, ನಡುವೆ ನಲ್ಲಿಯಾಗಲಿ ವಾಲ್ವಾಗಲಿ ಕೂಡದು, ಉದ್ದಕ್ಕೂ ವಾಟ ಇರಬೇಕು, ತುದಿ ನೆಲದಿಂದ ಆರಿಂಚಿಗಿಂತ ಮೇಲಿರಬಾರದು, ನೋಡುವವರಿಗೆ ಕಾಣಬೇಕು. ಇನ್ನೂ ಒಂದು ಮಾತು ಅದರಲ್ಲಿದೆ, ನನಗೆ ತುಂಬ ಇಷ್ಟವಾದದ್ದು: ತುದಿಯಲ್ಲಿ ಥ್ರೆಡ್ ಇರಬಾರದು. ಥ್ರೆಡ್ ಇದ್ದರೆ ಯಾವನಾದರೂ ಒಂದು ದಿನ ಡಮ್ಮಿ ತಂದು ತಿರುಗಿಸಿಯೇ ತಿರುಗಿಸುತ್ತಾನೆ. ನಮ್ಮ ಪ್ಲಂಬರನನ್ನು ನೋಡದೆಯೇ ಬರೆದಿದ್ದಾರೆ!

ಗ್ಯಾಸ್ ಗೀಸರ್ ಎಂದರೆ ಕಾರ್ಬನ್ ಮೊನಾಕ್ಸೈಡ್, ಜನ ಸಾಯುವುದು ಅದರಿಂದ, ಹನಿ ನೀರಿನ ಬಗ್ಗೆ ಇಷ್ಟು ಗಲಾಟೆ ಯಾಕೆ ಎಂದು ಕೇಳುವವರಿದ್ದಾರೆ. ಹೌದು, ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇಡುವುದಕ್ಕಿಂತ ದೊಡ್ಡ ಮೂರ್ಖತನವಿಲ್ಲ. ನಮ್ಮ ನರರೋಗ ತಜ್ಞರು ಇದರಿಂದಾಗುವ ಬಾಧೆಗೆ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂದೇ ಹೆಸರಿಟ್ಟಿದ್ದಾರೆ, ಕರ್ನಾಟಕದಲ್ಲೂ ಹೀಗೆ ಜೀವ ಹೋದ ಸುದ್ದಿ ಚಳಿಗಾಲದಲ್ಲಿ ಓದುತ್ತಲೇ ಇರುತ್ತೇವೆ. ಆದರೆ ಎರಡಕ್ಕೂ ಮದ್ದು ಒಂದೇ ಜಾಗದಲ್ಲಿದೆ. ಗುಜರಾತಿ ಮನೆಗಳಲ್ಲಿ ಅಡಿಗೆಮನೆಗೆ ಅಂಟಿಕೊಂಡು ಪಾತ್ರೆ ತೊಳೆಯುವ ಚೋಕಡಿ ಇರುತ್ತದೆ, ಹೊಸ ಫ್ಲ್ಯಾಟಿನಲ್ಲಿ ಅದು ಗಾಳಿಯಾಡುವ ವಾಶ್ ಬಾಲ್ಕನಿಯಾಗಿದೆ. ಅಲ್ಲಿ ನೆಲಕ್ಕೆ ವಾಟ ಇದೆ, ಜಾಲಿ ಮುಚ್ಚಳದ ಮೋರಿ ಇದೆ, ಹೊಗೆ ಹೋಗಲು ಆಕಾಶ ಇದೆ. ಗ್ಯಾಸ್ ಗೀಸರನ್ನು ಅಲ್ಲಿ ಹಾಕಿದರೆ ಡ್ರೈನಿಗೆ ಗೋಡೆ ಕೊರೆಯಬೇಕಿಲ್ಲ, ಮೂರಡಿ ಸಿಪಿವಿಸಿ ಸಾಕು.

‘ಆಗ ಬಚ್ಚಲಿಗೆ ಬಿಸಿನೀರು ಬರಲು ತಡವಾಗುತ್ತದೆ, ನೀರು ಪೋಲು’ ಎಂಬ ಆಕ್ಷೇಪ ಬರುತ್ತದೆ. ಬರಲಿ. ಬಿಸಿನೀರು ಬರುವವರೆಗಿನ ನೀರನ್ನು ಬಕೆಟಿಗೆ ಹಿಡಿದುಕೊಂಡರೆ ನೆಲ ಒರೆಸಲು ಆಯಿತು. ವಿದ್ಯುತ್ ಗೀಸರ್ ಬಚ್ಚಲಲ್ಲೇ ಇರಬೇಕೆಂದಿದ್ದರೆ ಶವರಿನ ನೆತ್ತಿ ಬಿಟ್ಟು ಪಕ್ಕದ ಗೋಡೆಗೆ ಸರಿಸಿ. ಖರ್ಚಿನ ಮಾತಂತೂ ಎತ್ತಲೇಬೇಡಿ. ಕೋಟಿ ಕೊಟ್ಟು ಕೊಂಡ ಮನೆಯಲ್ಲಿ ಕೆಲವು ನೂರು ರೂಪಾಯಿಯ ಪೈಪು, ಎರಡು ಎಲ್ಬೋ, ಒಂದು ಕ್ಲಾಂಪಿಗೆ ಲೆಕ್ಕ ಹಾಕುವುದು ನಾಚಿಕೆಗೇಡು.

ಫ್ಲ್ಯಾಟಿನ ಕೀಲಿ ಇನ್ನೂ ಕೈಗೆ ಬಂದಿಲ್ಲದವರು ಬಿಲ್ಡರ್‌ಗೆ ಇವತ್ತೇ ಬರೆಯಿರಿ: ಪ್ರತಿ ಗೀಸರ್ ಪಾಯಿಂಟಿನ ಕೆಳಗೆ ಬೇರೆಯಾಗಿ ಡ್ರೈನ್ ಪಾಯಿಂಟ್ ನಕ್ಷೆಯಲ್ಲಿ ಕಾಣಿಸಬೇಕು, ಟೈಲ್ಸ್ ಕೂರಿಸುವ ಮೊದಲು ಅದನ್ನು ನಾವೇ ಬಂದು ನೋಡಬೇಕು. ಕೀಲಿ ಬಂದವರು ನಾಳೆ ಬೆಳಗ್ಗೆ ಸ್ಟೂಲ್ ಹಾಕಿ ಹತ್ತಿ, ವಾಲ್ವಿನ ಬಾಯಿಯಲ್ಲಿ ಡಮ್ಮಿ ಇದೆಯೇ ಎಂದು ಕೈಯಾಡಿಸಿ ನೋಡಿ. ಇದ್ದರೆ ಮೇನ್ ಸ್ವಿಚ್ ಆರಿಸಿ, ನೀರು ಪೂರ್ತಿ ತಣಿದ ಮೇಲೆ ಬಿಚ್ಚಿಸಿ. ಎಂ-ಸೀಲ್ ಮೆತ್ತಿದ್ದರೆ ಅದು ಬಿಚ್ಚುವುದಿಲ್ಲ; ವಾಲ್ವನ್ನೇ ಬದಲಾಯಿಸಬೇಕಾಗುತ್ತದೆ.